ವೈನಿಯ ಸೂಟಿ

"ಚಹಾದಾಗ ಶುಂಠಿ ಹಾಕಬೇಕಂತ ಕಾಯದಾ ಅದ!"

ಕಾರಖಾನೆಗೆ ಚಹಾ ತರುವವನ ಕೈಯಿಂದ ಕಿಟ್ಲಿ ಕಸಿದುಕೊಂಡು ವೈನಿ ಹೀಗೆ ಗದರಿದಾಗ ನಾನು ಕೆಲಸಕ್ಕೆ ಸೇರಿ ವಾರವೂ ಆಗಿರಲಿಲ್ಲ. ಇಂಥ ಕಾಯ್ದೆಯನ್ನು ಯಾವ ಸರಕಾರ ಯಾವಾಗ ಮಾಡಿತು ಎಂದು ಕೇಳುವ ಧೈರ್ಯ ಅವನಿಗೂ ಬರಲಿಲ್ಲ, ನಮಗೂ ಬರಲಿಲ್ಲ. ಮರುದಿನ ಚಹಾದಲ್ಲಿ ಶುಂಠಿ ಇತ್ತು! ಅವತ್ತೇ ನಾನು ಈ ಹೆಂಗಸಿನ ಪಕ್ಕ ಬಿಡಬಾರದು ಎಂದು ನಿಶ್ಚಯಿಸಿಕೊಂಡೆ.

ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ನಮ್ಮದು ಟಾವೆಲ್ ಕಾರಖಾನೆ. ಮಗ್ಗದಿಂದ ಇಳಿದ ಟಾವೆಲ್‌ಗಳ ಅಂಚು ಮಡಚಿ ಹೊಲಿಯುವುದು ನಮ್ಮ ಶಿಲಾಯಿ ಖಾತೆಯ ಕೆಲಸ. ನಾವೆಲ್ಲ ಹೆಂಗಸರು. ನಾನು ಅಕ್ಕಲಕೋಟದಿಂದ ದಿನಾ ಬಸ್ಸಿಗೆ ಬಂದುಹೋಗುವವಳು, ವೈನಿ ಬೋರಾಮಣಿಯವರು. ಅವರ ಮಷಿನ್ನಿನ ಪಕ್ಕದಲ್ಲೇ ನನ್ನ ಮಷಿನ್ನು. ಅವರಿಗೆ ಹೆಸರು ಇದ್ದೇ ಇತ್ತು, ಹಾಜರಿಯಲ್ಲಿ ಕೂಗುತ್ತಲೂ ಇದ್ದರು. ಆದರೆ ವಾಚಮನ್‌ನಿಂದ ಮಾಲಕರ ತನಕ ಎಲ್ಲರಿಗೂ ಅವರು ವೈನಿಯೇ. ಯಾರಿಗೆ ಅಣ್ಣನ ಹೆಂಡತಿ ಎಂದು ಯಾರೂ ಕೇಳಲಿಲ್ಲ. ಈ ವರ್ಷ ನಿವೃತ್ತರಾದರು. ಈಗ ಆ ಮಷಿನ್ನಿನ ಮೇಲೆ ಕೂತ ಹುಡುಗಿ ಒಳ್ಳೆಯವಳು, ತಲೆ ತಗ್ಗಿಸಿ ಹೊಲಿಯುತ್ತಾಳೆ, ಒಂದು ಮಾತಾಡುವುದಿಲ್ಲ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ!

ವೈನಿ ಎತ್ತರದ ಆಳು. ಹಣೆಯ ತುಂಬ ಕುಂಕುಮ, ಅದರ ಮೇಲೆ ಕುರಿಗಾರರ ದೇವರು ಬೀರೋಬನ ಭಂಡಾರದ ಹಳದಿ. ದನಿಯಂತೂ ಕೇಳಲೇಬೇಡಿ, ಖಾತೆಯ ಅಷ್ಟೂ ಮಷಿನ್ನುಗಳು ಓಡುತ್ತಿದ್ದರೂ ಆ ಮೂಲೆಯಿಂದ ಈ ಮೂಲೆಗೆ ಮುಟ್ಟುತ್ತಿತ್ತು. ಊಟದ ಹೊತ್ತಿಗೆ ಖಡಕ್ ರೊಟ್ಟಿಯನ್ನು ಮೊಣಕಾಲಿಗೆ ಬಡಿದು ಮುರಿದು, ಶೇಂಗಾ ಚಟ್ನಿಯ ಜೊತೆ ಸುತ್ತಲಿನವರಿಗೆಲ್ಲ ಹಂಚಿ ಆಮೇಲೆ ತಾವು ತಿನ್ನುವರು. ಬೇಡವೆಂದರೆ ಅದಕ್ಕೂ ಒಂದು ಕಾಯ್ದೆ ಹೇಳುವರು.

ಜಗಳಕ್ಕೂ ಅವರದೊಂದು ಶಿಸ್ತಿತ್ತು. ಮೊದಲು ಕೈಯಲ್ಲಿದ್ದ ಕತ್ತರಿಯನ್ನು ಮಷಿನ್ನಿನ ಮೇಲೆ ಇಡುವರು. "ಕತ್ತರಿ ಹಿಡಕೊಂಡು ಜಗಳಾಡಬಾರದು ತಂಗಿ, ಮಂದಿ ತಪ್ಪು ತಿಳಕೋತಾರ" ಎನ್ನುವರು. ಹಾಗಾಗಿ ಕತ್ತರಿ ಟಣ್ ಎಂದರೆ ಸಾಕು, ನಾವು ಕಾಲು ತೆಗೆದು ಮಷಿನ್ನು ನಿಲ್ಲಿಸಿ ಕಿವಿ ನೆಟ್ಟಗೆ ಮಾಡುತ್ತಿದ್ದೆವು. ಮಾತಿನ ಮೊದಲೆರಡು ವಾಕ್ಯ ಮರಾಠಿಯಲ್ಲಿ, ಮರ್ಯಾದೆಗೆ. ಆಮೇಲೆ ಪೂರಾ ಕನ್ನಡ. ಯಾಕೆಂದು ಕೇಳಿದ್ದಕ್ಕೆ, "ಮರಾಠಿ ನನಗ ಬರ್ತದ, ಆದ್ರ ಜಗಳ ಕನ್ನಡದಾಗ ಆಡಿದ್ರನ ಹೊಟ್ಟಿ ತುಂಬತದ" ಎಂದಿದ್ದರು.

ಇಷ್ಟೊಂದು ಗಟ್ಟಿ ಹೆಂಗಸು ಒಂದೇ ಒಂದು ಮಾತಿಗೆ ಮಾತ್ರ ಸುಮ್ಮನಾಗುತ್ತಿದ್ದರು. ಅದು ನಮ್ಮ ಸುಪರ್ವೈಜರನ ಸಂಜೆಯ ಮಾತು. ಕಾರಖಾನೆ ವಾರದ ಏಳೂ ದಿನ ನಡೆಯುತ್ತಿದ್ದುದರಿಂದ ನಮಗೆ ಸರದಿಯ ಮೇಲೆ ಸೂಟಿ. ಆದರೆ ಸರದಿ ಎಂಬುದು ಬಾಯಿಮಾತು ಅಷ್ಟೇ. ಸಂಜೆ ಮನೆಗೆ ಹೊರಟಾಗ ಅವನು ಗೇಟಿನಲ್ಲಿ ನಿಂತು ಒಬ್ಬೊಬ್ಬರಿಗೆ ಬೆರಳು ಮಾಡಿ, "ತುಲಾ ಸುಟ್ಟಿ, ತುಲಾ ಸುಟ್ಟಿ, ತೂ ಉದ್ಯಾ ಯಾಯಚಂ" ಎನ್ನುತ್ತಿದ್ದ. ಯಾರಿಗೆ ನಾಳೆ ರಜೆ, ಯಾರು ನಾಳೆ ಬರಬೇಕು ಎನ್ನುವುದು ಆ ಬೆರಳಿನ ತುದಿಯಲ್ಲಿತ್ತು. ಹುಡುಗ ಕೆಟ್ಟವನಲ್ಲ. ಹೊರದೇಶಕ್ಕೆ ಮಾಲು ಹೋಗುವುದಿದ್ದರೆ ಮೇಲಿನವರು ಅವನನ್ನು ಅರೆಯುವರು, ಅವನು ನಮ್ಮನ್ನು ಅರೆಯುವನು. ಆದರೂ ಆ ಬೆರಳು ಕಂಡರೆ ನನ್ನ ಮೈ ಉರಿಯುತ್ತಿತ್ತು. ನನ್ನ ಅವ್ವ ಕಣ್ಣಿನ ಡಾಕ್ಟರರ ಹತ್ತಿರ ಹೋಗಲು ತಿಂಗಳಿಂದ ಕಾಯುತ್ತಿದ್ದಳು. "ನಾಳಿ ಸೂಟಿ ಅದೇನ?" ಎಂದು ಬೆಳಿಗ್ಗೆ ಕೇಳಿದರೆ, "ಸಂಜೀಕ ಹೇಳ್ತೀನಿ" ಎನ್ನುವುದೇ ನನ್ನ ಉತ್ತರವಾಗಿತ್ತು.

ವೈನಿಗೆ ಇದು ಬರೀ ಬೇಸರದ ಮಾತಾಗಿರಲಿಲ್ಲ. ಅವರ ಮನೆಯಲ್ಲಿ ಕುರಿ ಇದ್ದವು. ವರ್ಷಕ್ಕೆರಡು ಸಲ ಉಣ್ಣೆ ಕತ್ತರಿಸಬೇಕು. ಆ ಕೆಲಸ ಒಂದು ಮನೆಯಿಂದ ಆಗುವಂಥದಲ್ಲ, ಅದಕ್ಕೆ ಮುಯ್ಯಿ ಬೇಕು. ಇವತ್ತು ನಿಮ್ಮ ಮನೆಯ ಕುರಿಗೆ ನಾವು ಬರುತ್ತೇವೆ, ನಮ್ಮ ದಿನ ನೀವು ಬರುತ್ತೀರಿ. ಗಂಡಸರು ಕತ್ತರಿ ಹಿಡಿಯುತ್ತಾರೆ, ಹೆಂಗಸರು ಕುರಿ ತೊಳೆದು, ಉಣ್ಣೆ ಆಯ್ದು, ಬಂದವರಿಗೆಲ್ಲ ಅಡಿಗೆ ಮಾಡಿ ಹಾಕುತ್ತಾರೆ. ಮುಯ್ಯಿಗೆ ಬಂದವರು ಹೊಟ್ಟೆ ತುಂಬ ಉಣ್ಣದೆ ಎದ್ದುಹೋದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ವೈನಿಯ ಮನೆಯಲ್ಲಿ ಹೆಣ್ಣಾಳೆಂದರೆ ವೈನಿ ಒಬ್ಬರೇ.

ಒಂದು ಸಲ ಎಲ್ಲ ನಿಗದಿಯಾಗಿತ್ತು. ಕತ್ತರಿಸುವವರು ಬರುವ ದಿನ ವೈನಿಯ ಸೂಟಿಯ ಸರದಿಗೇ ಬಂದಿತ್ತು. ಹಿಂದಿನ ಸಂಜೆ ಬೆರಳು ತಿರುಗಿತು. "ವೈನಿ, ಉದ್ಯಾ ಯಾಯಚಂ." ಬಾರದಿದ್ದರೆ ಮಷಿನ್ನು ಬೇರೆಯವರಿಗೆ ಹೋಗುತ್ತದೆ ಎಂದೂ ಸೇರಿಸಿದ. ವೈನಿ ಬಂದರು. ಅವತ್ತು ದಿನವಿಡೀ ಅವರ ಬಾಯಿಂದ ಒಂದು ಕಾಯ್ದೆಯೂ ಹೊರಡಲಿಲ್ಲ. ಊರಲ್ಲಿ ಅವರ ಗಂಡ ತಾನೇ ಒಲೆ ಹಚ್ಚಿ ಅನ್ನ ಸೀಯಿಸಿದ. ಬಂದವರು ಶೇಂಗಾ ಬೆಲ್ಲ ತಿಂದು, ನೀರು ಕುಡಿದು ಎದ್ದುಹೋದರು. ಮುಂದಿನ ಸಲ ಊರಿನ ಬೇರೆ ಮನೆಗಳವರು ತಮ್ಮ ಕತ್ತರಿಕೆಯ ದಿನವನ್ನು ಇವರಿಗೆ ಹೇಳಲೇ ಇಲ್ಲ.

"ಬೈದಿದ್ರ ತಡಕೋತಿದ್ದೆ ತಂಗಿ. ಹೇಳದ ಬಿಟ್ರಲ್ಲ, ಅದು ಸೋಸಲಿಲ್ಲ. ಮುಯ್ಯಿನಿಂದ ಹೊರಗ ಬಿದ್ದ ಮನಿ ಅಂದ್ರ ಊರಾಗ ಇದ್ದೂ ಇಲ್ಲದಂಗ" ಎಂದು ವೈನಿ ಹೇಳಿದಾಗ ಅವರ ಕಣ್ಣಲ್ಲಿ ನೀರು ಬಂದಿದ್ದನ್ನು ನಾನು ಮೊದಲ ಸಲ ನೋಡಿದೆ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವರಿಗೆ ಬೇಕಾಗಿದ್ದು ಏನು? ಇಂಥ ದಿನ ನನ್ನದು ಎಂದು ಮೊದಲೇ ಗೊತ್ತಿರುವ ಒಂದು ದಿನ. ಊರಿನವರ ಮುಂದೆ ಮತ್ತೊಮ್ಮೆ ಒಲೆ ಹಚ್ಚಿ ತೋರಿಸಲು ಒಂದೇ ಒಂದು ದಿನ!

ಅತ್ತು ಕೂರುವ ಜಾಯಮಾನ ಅವರದಲ್ಲ. ಮೂಗು ಒರೆಸಿಕೊಂಡು, ಕತ್ತರಿ ಕೆಳಗಿಟ್ಟು, ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡರು. "ಊರಾಗ ಮುಯ್ಯಿ ಇದ್ರ ಕಂಪನ್ಯಾಗ ಯಾಕಿಲ್ಲ? ನಿನ್ನ ಮನ್ಯಾಗ ಕೆಲಸ ಬಿದ್ದ ದಿನ ನನಗ ಸೂಟಿ ಇದ್ರ ನಿನ್ನ ಬದ್ಲಿ ನಾ ಬರ್ತೀನಿ. ನನ್ನ ದಿನ ಬಂದಾಗ ನೀ ಬಾ. ಸಾಹೇಬಗ ಮಷಿನ್ ತುಂಬಿದ್ರ ಆತು, ಯಾರ ಕುಂತ್ರೇನು?"

ಸುಪರ್ವೈಜರ್ ಹೂಂ ಎಂದ. ಅವನಿಗೂ ಅದು ಬೇಕಾಗಿತ್ತು, ಖಾಲಿ ಮಷಿನ್ನಿನ ತಲೆನೋವು ತಪ್ಪಿತಲ್ಲ. ನಾನು ಶಾಣೆತನ ಮಾಡಿ, ಯಾರು ಯಾರಿಗೆ ಎಷ್ಟು ದಿನ ಬಂದರೆಂದು ಬರೆದಿಡುತ್ತೇನೆ ಎಂದೆ. ವೈನಿ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. "ಬರದಿಟ್ಟರ ಅದು ಸಾಲ. ಮುಯ್ಯಿ ಅಲ್ಲ. ಮುಯ್ಯಿಗಿ ಲೆಕ್ಕ ಇಡಬಾರದು, ಬಾ ಅಂತ ಕೇಳಬಾರದು, ಬರ್ತೀನಿ ಅಂತ ಸಾರಬಾರದು. ಉಂಡವರಿಗಿ ನೆನಪ ಇರ್ತದ, ಅವರ ತಾವಾಗೆ ಬರ್ತಾರ." ಬೋರಾಮಣಿಯ ಕುರಿ ಹಟ್ಟಿಯ ಈ ಪದ್ಧತಿ ಎಂಐಡಿಸಿಯ ಶಿಲಾಯಿ ಖಾತೆಗೆ ಹಾಗೇ ಬಂದಿಳಿಯಿತು. ಅದರಿಂದ ಏನು ಅನಾಹುತ ಆಗಲಿದೆ ಎಂದು ಆಗ ಯಾರಿಗೆ ಗೊತ್ತು!

ಮೊದಲು ಎಲ್ಲ ಚಂದ ನಡೆಯಿತು. ನನ್ನ ಅವ್ವನ ಕಣ್ಣಿನ ಆಪರೇಷನ್ ಆದಾಗ ವೈನಿ ತಮ್ಮ ಸೂಟಿಯ ದಿನ ಬಂದು ನನ್ನ ಮಷಿನ್ನಿನ ಮೇಲೆ ಕೂತರು. ಮರವಡೆಯಿಂದ ಸೊಲ್ಲಾಪುರಕ್ಕೆ ಮದುವೆಯಾಗಿ ಬಂದಿದ್ದ ಒಬ್ಬಳಿಗೆ ತಮ್ಮನ ಮದುವೆ ನಿಶ್ಚಯದ ಸಾಖರಪುಡಾ ಇತ್ತು, ಅವಳ ಬದಲಿಗೂ ವೈನಿ. ಇನ್ನೊಬ್ಬಳ ಮಗುವಿಗೆ ಜ್ವರ, ವೈನಿ. ಮತ್ತೊಬ್ಬಳಿಗೆ ಸುಮ್ಮನೆ ತವರಿಗೆ ಹೋಗಬೇಕೆನಿಸಿತು, ಅದಕ್ಕೂ ವೈನಿ. ಹೀಗೆ ಖಾತೆಯಲ್ಲಿ ಅವರ ಮುಯ್ಯಿ ಉಣ್ಣದವರು ಯಾರೂ ಉಳಿಯಲಿಲ್ಲ.

ಅಷ್ಟರಲ್ಲಿ ಮತ್ತೆ ಕತ್ತರಿಕೆಯ ದಿನ ಬಂತು. ವೈನಿಯ ಗಂಡ ಮನೆಮನೆಗೆ ಹೋಗಿ ಕೈಮುಗಿದು, ಈ ಸಲ ನಮ್ಮ ಮನೆಯಲ್ಲಿ ಉಂಡೇ ಹೋಗುತ್ತೀರಿ ಎಂದು ಮಾತು ಕೊಟ್ಟು ಬಂದಿದ್ದ. ಸೋಮವಾರ ಎಂದು ನಿಗದಿಯಾಯಿತು. ರವಿವಾರ ಸಂಜೆ ಬೆರಳು ಆಡಿತು. ನನ್ನನ್ನೂ ಸೇರಿಸಿ ಹತ್ತು ಹನ್ನೆರಡು ಮಂದಿಗೆ ಸೂಟಿ. ವೈನಿಗೆ ಮಾತ್ರ "ಉದ್ಯಾ ಯಾಯಚಂ"!

ವೈನಿ ಯಾರ ಮುಖವನ್ನೂ ನೋಡಲಿಲ್ಲ, ಏನೂ ಕೇಳಲಿಲ್ಲ. ಕೇಳುವುದು ಪದ್ಧತಿಯಲ್ಲವಲ್ಲ. "ನಾ ನಾಳಿ ಬರಂಗಿಲ್ಲ. ನನ್ನ ಬದ್ಲಿ ಯಾರರ ಬರ್ತಾರ" ಎಂದಷ್ಟೇ ಸುಪರ್ವೈಜರನಿಗೆ ಹೇಳಿ ಬಸ್ಸು ಹಿಡಿದರು.

ಸೋಮವಾರ ಬೆಳಿಗ್ಗೆ ನಾನು ಅಕ್ಕಲಕೋಟದಿಂದ ಮೊದಲ ಬಸ್ಸಿಗೇ ಹೊರಟೆ. ಎದೆ ಉಬ್ಬಿ ಹೋಗಿತ್ತು. ಅಷ್ಟು ಮಂದಿಯಲ್ಲಿ ವೈನಿಯನ್ನು ನೆನೆಸಿದವಳು ನಾನೊಬ್ಬಳೇ ಎಂದು ನನ್ನ ಬಗ್ಗೆ ನನಗೇ ಹೆಮ್ಮೆ. ಗೇಟಿನ ಮುಂದೆ ಇಳಿದು ನೋಡುತ್ತೇನೆ, ಮರವಡೆಯವಳು ಡಬ್ಬಿ ಹಿಡಿದು ನಿಂತಿದ್ದಾಳೆ! "ನೀ ಯಾಕ ಬಂದಿ?" ಎಂದೆ. "ವೈನಿ ಬದ್ಲಿ. ನೀ ಯಾಕ ಬಂದಿ?" ಎಂದಳು. ಅಷ್ಟರಲ್ಲಿ ಒಂದು ರಿಕ್ಷಾದಿಂದ ಮೂವರು ಇಳಿದರು. ಅವರೂ ವೈನಿಯ ಬದಲಿ! ಒಬ್ಬಳನ್ನು ಗಂಡ ಮೋಟರಸೈಕಲ್ಲಿನ ಮೇಲೆ ತಂದು ಬಿಟ್ಟ. ಅವಳೂ ಅದಕ್ಕೇ. ನೋಡನೋಡುತ್ತ ಸೂಟಿ ಸಿಕ್ಕ ಅಷ್ಟೂ ಮಂದಿ ಗೇಟಿನ ಮುಂದೆ ಜಮಾ! ಯಾರೂ ಯಾರಿಗೂ ಹೇಳಿರಲಿಲ್ಲ, ಹೇಳಬಾರದಿತ್ತಲ್ಲ.

ಇನ್ನು ಶುರುವಾಯಿತು ಗದ್ದಲ. "ನಾ ಕೂಡ್ತೀನಿ." "ಹೆಂಗ ಕೂಡ್ತಿ? ವೈನಿ ಮೊದ್ಲ ಬಂದಿದ್ದು ನನ್ನ ಬದ್ಲಿ." "ನನ್ನ ಕೂಸಿನ ಜೀವಾ ಉಳಿಸ್ಯಾರ ಅವ್ರು, ಸರಿ ಆ ಕಡಿ." ಕೆಲಸ ತಪ್ಪಿಸಲು ಜನ ಜಗಳಾಡುವುದನ್ನು ನೋಡಿದ್ದೇನೆ, ಸೂಟಿಯ ದಿನ ಕೆಲಸಕ್ಕೆ ಹೋಗಲು ಜುಟ್ಟು ಹಿಡಿಯುವುದನ್ನು ಅವತ್ತೇ ನೋಡಿದ್ದು. ನಾನೇನು ಕಡಿಮೆಯೇ? ನನ್ನ ದನಿಯೇ ಎಲ್ಲರಿಗಿಂತ ಮೇಲಿತ್ತು. ವಾಚಮನ್ ಗಾಬರಿಬಿದ್ದು ಗೇಟು ಎಳೆದು ಕೀಲಿ ಹಾಕಿ, ಹೆಂಗಸರು ಗುಂಪುಕಟ್ಟಿ ಪ್ರತಿಭಟನೆಗೆ ಬಂದಿದ್ದಾರೆಂದು ಮಾಲಕರಿಗೆ ಫೋನ್ ಮಾಡಿದ. "ಬಾಯಕಾ ಜಮಲ್ಯಾತ ಸಾಹೇಬ, ಮೋರ್ಚಾ ಆಹೆ!" ಒಳಗಿದ್ದವರು ಮೋರ್ಚಾ ಎಂಬ ಶಬ್ದ ಕೇಳಿ ಮಷಿನ್ನು ಬಿಟ್ಟು ಕಿಡಕಿಗೆ ಬಂದರು. ಹೊಲಿಗೆ ನಿಂತಿತು. ಅವತ್ತೇ ಮಧ್ಯಾಹ್ನ ಕಂಟೇನರ್ ಹೊರಡಬೇಕಿತ್ತು!

ಮಾಲಕರು ಅರ್ಧ ದಾಡಿ ಮಾಡಿಕೊಂಡವರು ಹಾಗೇ ಕಾರಿನಲ್ಲಿ ಬಂದಿಳಿದರು. ತೆಲುಗು ಮನೆಮಾತಿನವರು, ಮರಾಠಿ ಆಡುವರು, ಕನ್ನಡವೂ ತಕ್ಕಮಟ್ಟಿಗೆ ಬರುತ್ತದೆ. "ನಿಮ್ಮ ಲೀಡರ್ ಯಾರು?" ಎಂದು ಕೂಗಿದರು.

ಎಲ್ಲರೂ ಒಂದೇ ದನಿಯಲ್ಲಿ, "ವೈನಿ!" ಎಂದೆವು.

"ಎಲ್ಲಿ ಆಕಿ?"

"ಊರಾಗ. ಕುರಿ ಕತ್ತರಸಾಕತ್ತಾರ."

ಮಾಲಕರು ನಮ್ಮನ್ನೆಲ್ಲ ಒಮ್ಮೆ ನೋಡಿದರು. ತಾವೇ ಫೋನ್ ಹಚ್ಚಿ ಸ್ಪೀಕರಿನ ಮೇಲೆ ಹಾಕಿದರು. ಮೊದಲು ಕೇಳಿಸಿದ್ದು ಕುರಿಗಳ ಬ್ಯಾ ಬ್ಯಾ, ಆಮೇಲೆ ವೈನಿಯ ದನಿ. "ಯಾರ್ರಿ? ಲಗೂ ಹೇಳ್ರಿ, ಒಲಿ ಮ್ಯಾಲ ಹಂಡೆ ಅದ."

"ನಾ ಮಾಲಕ. ಇಲ್ಲಿ ಮೋರ್ಚಾ ತಂದು ನೀ ಅಲ್ಲಿ ಕೂತೀಯೇನು?"

"ಯಾವ ಮೋರ್ಚಾ?"

ನಾನು ಫೋನಿನ ಹತ್ತಿರ ಬಾಯಿ ಒಯ್ದು, "ವೈನಿ, ನಾವ್ರಿ. ಸೂಟಿ ಇದ್ದ ಹನ್ನೆರಡೂ ಮಂದಿ ನಿಮ್ಮ ಬದ್ಲಿ ಬಂದೀವಿ. ಎಲ್ಲಾರೂ!" ಎಂದು ಒದರಿದೆ.

ಆ ಕಡೆ ಕುರಿಗಳು ಒದರುತ್ತಲೇ ಇದ್ದವು. ಅವುಗಳ ನಡುವೆ ಟಣ್ ಎಂದು ಏನೋ ಕೆಳಗಿಟ್ಟ ಸಪ್ಪಳ ಬಂತು. ನಾವು ಒಬ್ಬರನ್ನೊಬ್ಬರು ಚಿವುಟಿಕೊಂಡೆವು.

"ಮಾಲಕ್ರ, ಅದು ಮೋರ್ಚಾ ಅಲ್ಲ, ಮುಯ್ಯಿ. ಒಬ್ಬಾಕಿ ಸೂಟಿಗಿ ಹನ್ನೆರಡು ಮಂದಿ ಯಾಕ ಬಂದ್ರು ಹೇಳ್ರಿ? ಯಾರ ಸೂಟಿ ಯಾವಾಗಂತ ಯಾರಿಗೂ ಗೊತ್ತಿಲ್ಲ, ಅದಕ್ಕ. ಒಂದು ವಾರ ಮೊದ್ಲ ನಮ್ಮ ಖಾತ್ಯಾಗ ಹಲಗಿ ಹಚ್ಚಿ ಬರಸ್ರಿ. ಬರದಿದ್ದನ್ನ ಹಿಂದಿನ ದಿನ ಸಂಜೀಕ ಅಳಸಬ್ಯಾಡ್ರಿ. ಸೂಟಿ ದಿನ ಕರದ್ರ ಬದ್ಲಿ ಸೂಟಿ ಕೊಡ್ರಿ. ಕಾಯದಾ ಅದ!"

ನಾನು ಮಾಲಕರ ಮುಖವನ್ನೇ ನೋಡುತ್ತಿದ್ದೆ. ಮಾಲಕರಿಗೆ ಗೊತ್ತಿತ್ತು! ಇಲ್ಲದ ಕಾಯ್ದೆಗಳನ್ನೆಲ್ಲ ವರ್ಷಗಟ್ಟಲೆ ಹೇಳುತ್ತ ಬಂದ ವೈನಿ ಅವತ್ತು ಕಣ್ಣುಮುಚ್ಚಿ ಎಸೆದ ಕಲ್ಲು ನೇರ ಹಣ್ಣಿಗೇ ತಾಗಿತ್ತು. ವಾರಕ್ಕೊಂದು ರಜೆ ಕೊಡಬೇಕು, ಅದನ್ನು ಬದಲಿಸುವುದಿದ್ದರೆ ಮೊದಲೇ ಫಲಕದ ಮೇಲೆ ತಿಳಿಸಬೇಕು, ರಜೆ ತಪ್ಪಿದರೆ ಬದಲಿ ರಜೆ ಕೊಡಬೇಕು ಎಂಬುದೆಲ್ಲ ನಿಜವಾಗಿಯೂ ಕಾಯ್ದೆಯಲ್ಲಿತ್ತೆಂದು ಆಮೇಲೆ ನಮಗೂ ತಿಳಿಯಿತು! ವೈನಿಗೆ ಅದು ಗೊತ್ತಿತ್ತೋ ಇಲ್ಲವೋ ದೇವರೇ ಬಲ್ಲ. ಶುಂಠಿಯ ಚಹಾಕ್ಕೆ ಹೇಳಿದ ದನಿಯಲ್ಲೇ ಇದನ್ನೂ ಹೇಳಿದ್ದರು. ಮಾಲಕರು ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ನಿಂತ ಮಷಿನ್ನುಗಳ ಕಡೆ ನೋಡಿದರು. "ಲಾವತೋ ಬಾಬಾ, ಹಚ್ಚತೀನಿ. ಹಲಗಿ ಹಚ್ಚತೀನಿ" ಎಂದರು. ನಾವು ಹಾಕಿದ ಕೇಕೆ ಅಕ್ಕಲಕೋಟದ ತನಕ ಕೇಳಿಸಿರಬೇಕು.

ಒಂದು ಮಷಿನ್ನಿಗೆ ಒಬ್ಬಳೇ ಸಾಕು. ಮರವಡೆಯವಳಿಗೆ ಉಣ್ಣೆಯ ಧೂಳು ಆಗಿಬರುವುದಿಲ್ಲ, ಅವಳು ಒಳಗೆ ಹೋಗಿ ಕೂತಳು. ಉಳಿದವರು? ನಮ್ಮ ಮುಯ್ಯಿ ತೀರಬೇಡವೆ? ಟಾವೆಲ್ ಹೊರುವ ಛೋಟಾ ಹಾಥಿ ಗಾಡಿಯವನನ್ನು ಪುಸಲಾಯಿಸಿ ಎಲ್ಲರೂ ಅದರೊಳಗೆ ನಿಂತು ಬೋರಾಮಣಿಗೆ ಹೊರಟೆವು. ದಾರಿಯುದ್ದಕ್ಕೂ ಹಾಡು, ನಗು, ಗುಂಡಿ ಬಂದಾಗೊಮ್ಮೆ ಚೀರಾಟ. ಹಟ್ಟಿಯ ಮುಂದೆ ಗಾಡಿ ನಿಂತು ನಾವು ದಬದಬ ಇಳಿದಾಗ ವೈನಿ ಕೈಯಲ್ಲಿನ ಸೌಟು ಹಾಗೇ ಹಿಡಿದು ಬಾಗಿಲಿಗೆ ಬಂದರು. ಅಂಥ ಬಾಯಿಗೂ ಮಾತು ಬಾರದ ದಿನವೊಂದಿತ್ತು ಎಂದು ಹೇಳಲು ಇವತ್ತಿಗೂ ನನಗೆ ಖುಷಿ.

ಕುರಿ ಹಿಡಿಯಲು ನಮಗೆಲ್ಲಿ ಬರಬೇಕು? ನಾನು ಹಿಡಿದ ಕುರಿ ನನ್ನನ್ನೇ ಎಳೆದುಕೊಂಡು ಹೋಯಿತು. ಆದರೆ ಉಣ್ಣೆ ಆಯ್ದೆವು, ರೊಟ್ಟಿ ಬಡಿದೆವು, ಬಡಿಸಿದೆವು. ಉಣ್ಣೆ ಕತ್ತರಿಸಲು ಬಂದಿದ್ದ ಮುದುಕರೊಬ್ಬರು ಎರಡನೆಯ ಸಲ ಸಾರು ಹಾಕಿಸಿಕೊಳ್ಳುತ್ತ, "ಏನವಾ, ಈ ಮನಿಗಿ ಇಷ್ಟು ಮುಯ್ಯಿಮಂದಿ ಎಲ್ಲಿಂದ ಬಂದ್ರು?" ಎಂದು ಕೇಳಿದರು.

"ನಮ್ಮ ಕಂಪನಿಯವರ್ರಿ ಮಾಮಾ" ಎಂದರು ವೈನಿ.

ಮುದುಕರು ಕೈ ತೊಳೆದು, ಟಾವೆಲಿಗೆ ಒರೆಸಿಕೊಂಡು, ಹೊರಡುವಾಗ ಮೆಲ್ಲಗೆ, "ನಮ್ಮ ಮನಿದು ಮುಂದಿನ ಬುಧವಾರ ಅದ. ಹೇಳೀನಿ ನೋಡು" ಎಂದರು. ಅಷ್ಟೇ. ವೈನಿ ಒಲೆಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ರಟ್ಟೆ ಹಿಡಿದು ಎಳೆದು, "ಏ ತಂಗಿ, ಹಲಗಿ ಬಂದ ಕೂಡ್ಲೆ ಬುಧವಾರದ ಮುಂದ ನನ್ನ ಹೆಸರು ಬರಿ. ಮೊದ್ಲ ಅದನ್ನ ಬರಿ!" ಎಂದರು. ಬರೆದೆ. ನಾನು ಅಕ್ಕಲಕೋಟದ ಕನ್ನಡ ಸಾಲಿಯಲ್ಲಿ ಕಲಿತವಳು, ಹುಡುಗಿಯರಿಗೆ ಕನ್ನಡ ಓದಲು ಬಾರದೆಂದು ಮರಾಠಿಯಲ್ಲೂ ಬರೆದೆ.

ಆಮೇಲೆ ಎಲ್ಲ ಸುಸೂತ್ರವಾಯಿತೆಂದಲ್ಲ. ಕಂಟೇನರಿನ ಗಡಿಬಿಡಿ ಬಂದಾಗ ಸುಪರ್ವೈಜರ್ ಒದ್ದೆ ಅರಿವೆ ಹಿಡಿದು ಹಲಗೆಯ ಹತ್ತಿರ ಸುಳಿದಾಡುವನು. ವೈನಿ ಕೂತಲ್ಲಿಂದಲೇ ಕೆಮ್ಮುವರು. ಅವನು ಅರಿವೆಯಿಂದ ಕಿಡಕಿಯ ಗಾಜು ಒರೆಸಿ ಹೋಗುವನು. ಬದಲಿ ಸೂಟಿ ಕೇಳಿ ಪಡೆಯುವುದನ್ನು ಹೊಸ ಹುಡುಗಿಯರಿಗೆಲ್ಲ ಅವರೇ ಕಲಿಸಿದರು.

ಈ ವರ್ಷ ಅವರ ಕೊನೆಯ ವಾರದ ಹಲಗೆ ಬರೆಯಲು ಹೋದೆ. ಸರದಿಯ ಪ್ರಕಾರ ಅವರ ಸೂಟಿ ಸರಿಯಾಗಿ ಕೊನೆಯ ದಿನಕ್ಕೇ ಬಂದಿತ್ತು. "ಹಿಂದ ಮುಂದ ಮಾಡ್ಲೇನ್ರಿ?" ಎಂದೆ. "ಹೆಂಗ ಬರ್ತದೋ ಹಂಗ ಬರಿ" ಎಂದರು. ಮಾಲಕರು ಊರಲ್ಲಿರುವುದು ಅದೇ ದಿನವೆಂದು ಬೀಳ್ಕೊಡುವ ಸತ್ಕಾರವೂ ಅವತ್ತೇ ನಿಗದಿಯಾಯಿತು. ಸುಪರ್ವೈಜರ್ ಕೈಮುಗಿದು, "ವೈನಿ, ಒಂದು ತಾಸಿಗಿ ಬಂದು ಹೋಗ್ರಿ" ಎಂದು ಕೇಳಿಕೊಂಡ.

"ನನ್ನ ಸೂಟಿ ಅದ ಸಾಹೇಬ್ರ. ಇಷ್ಟು ಜಗಳಾಡಿ ತೊಗೊಂಡಿದ್ದು, ಒಂದು ಶಾಲಿಗಿ ಬಿಟ್ಟುಕೊಡ್ಲೇನು?"

ಬಾಯಿಮಾತು, ಬಂದೇ ಬರುತ್ತಾರೆ ಎಂದುಕೊಂಡಿದ್ದೆ. ಬರಲಿಲ್ಲ! ಮಂಟಪ, ಮೈಕು, ಪೇಢೆ, ಹಾರ ಎಲ್ಲ ಇದ್ದವು, ವೈನಿ ಇರಲಿಲ್ಲ. ಮಾಲಕರು ಖಾಲಿ ಕುರ್ಚಿಯನ್ನು ನೋಡಿದರು, ಹಲಗೆಯ ಕಡೆಗೂ ನೋಡಿದರು, ಏನೋ ಗೊಣಗಿದರು, ಆಮೇಲೆ ಶಾಲು ಎತ್ತಿಕೊಂಡು ಕಾರು ತೆಗೆಯಲು ಹೇಳಿದರು. ಪಾಳಿ ಮುಗಿದಿತ್ತು, ನಾವೂ ಹಿಂದೆಯೇ ಹೊರಟೆವು.

ಬೋರಾಮಣಿಯ ಮನೆಯ ಮುಂದೆ ವೈನಿಯ ಗಂಡ ಹಗ್ಗ ಹೊಸೆಯುತ್ತ ಕೂತಿದ್ದ. ಮಾಲಕರನ್ನು ನೋಡಿ ಗಡಬಡಿಸಿ ಎದ್ದ. "ಒಳಗ ಮಲಗ್ಯಾಳ್ರಿ" ಎಂದ. ಒಂದು ಕ್ಷಣ ಕೈ ಹಿಸುಕಿಕೊಂಡು, "ಇವತ್ತ ಸೂಟಿ ಅದ, ಯಾರು ಬಂದ್ರೂ ಎಬ್ಬಸಬ್ಯಾಡಂತ ಹೇಳ್ಯಾಳ್ರಿ. ಎಬ್ಬಸ್ಲೇನ್ರಿ?" ಎಂದು ಹೆದರಿ ಹೆದರಿ ಕೇಳಿದ.

ನಾವೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಿಂತೆವು. ಒಳಗಿನಿಂದ ವೈನಿಯ ಗೊರಕೆ ಕೇಳಿಸುತ್ತಿತ್ತು.

ಮಾಲಕರು ಚಪ್ಪಲಿ ಬಿಟ್ಟರು. ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತರು.

"ಬ್ಯಾಡ, ಮಲಗಲಿ" ಎಂದರು. "ಕಾಯ್ತೀನಿ."